ಅಪ್ಪನ ಕೈಗೆ ವಾಚ್ ಕಟ್ಟಿದ್ದೇನೆ, ಇನ್ನು ಧೈರ್ಯವಾಗಿರಬಹುದಾ ಡಾಕ್ಟರೇ?

ಪ್ರಶ್ನೆ: ನನಗೆ 41 ವರ್ಷ. ಮನೆ ಬಸವೇಶ್ವರನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಅಪ್ಪನಿಗೆ 68. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಬಿಪಿ, ಶುಗರ್ ಎರಡೂ ಇದೆ. ಹಗಲು ಹೊತ್ತು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅದಕ್ಕೆ ಇಸಿಜಿ ತೆಗೆಯುವ ಸ್ಮಾರ್ಟ್‌ವಾಚ್ ತಂದು ಅಪ್ಪನ ಕೈಗೆ ಕಟ್ಟಿದ್ದೇನೆ. ಅದರ ಲೆಕ್ಕವೆಲ್ಲ ನನ್ನ ಫೋನಿಗೆ ಬರುತ್ತದೆ. ಆದರೆ ಬಿಪಿ ವಾಚ್‌ನಲ್ಲಿ ಒಂದು, ಮನೆಯ ಮೆಷಿನ್‌ನಲ್ಲಿ ಇನ್ನೊಂದು, ಕ್ಲಿನಿಕ್‌ನಲ್ಲಿ ಮತ್ತೊಂದು ಬರುತ್ತಿದೆ. ಯಾವುದನ್ನು ನಂಬಬೇಕು? ಇನ್ನೊಮ್ಮೆ ಅಟ್ಯಾಕ್ ಬರುವ ಮುಂಚೆ ವಾಚ್ ಹೇಳುತ್ತಾ? ಇನ್ನೂ ಯಾವುದಾದರೂ ಆಪ್, ಗ್ಯಾಜೆಟ್ ಬೇಕಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜೀವ ಇರುವುದು ಅದರಲ್ಲಿ. ಅಟ್ಯಾಕ್ ಬರುವ ಮುಂಚೆ ವಾಚ್ ಹೇಳುವುದಿಲ್ಲ. ಬಂದಾಗಲೂ ಹೇಳುವುದಿಲ್ಲ. ವಾಚ್ ಮಾಡುವ ಕಂಪನಿಗಳೇ ಇದನ್ನು ಬರೆದುಕೊಟ್ಟಿರುತ್ತವೆ. ಆದರೆ ಡಬ್ಬಿಯ ಒಳಗಿನ ಆ ಸಣ್ಣಕ್ಷರದ ಚೀಟಿಯನ್ನು ಯಾರು ಓದುತ್ತಾರೆ?

ಕಾರಣ ಕಷ್ಟದ್ದೇನಲ್ಲ. ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಗಡ್ಡೆ ಕಟ್ಟಿ, ಅದರ ಮುಂದಿನ ಸ್ನಾಯು ರಕ್ತವಿಲ್ಲದೆ ಸಾಯುತ್ತಾ ಹೋಗುವುದು. ಹೃದಯದ ಯಾವ ಗೋಡೆಗೆ ಪೆಟ್ಟು ಬಿದ್ದಿದೆ ಅಂತ ನೋಡಲು ಆಸ್ಪತ್ರೆಯ ಇಸಿಜಿ 12 ಕಡೆಯಿಂದ ನೋಡುತ್ತದೆ. ವಾಚ್ ನೋಡುವುದು ಒಂದೇ ಕಡೆಯಿಂದ. ಕಳ್ಳ ನುಗ್ಗಿದ್ದಾನಾ ಅಂತ ಮುಂಬಾಗಿಲ ಕಿಂಡಿಯಲ್ಲಿ ಮಾತ್ರ ಇಣುಕಿದರೆ ಹಿತ್ತಲ ಬಾಗಿಲು ಕಾಣಿಸುತ್ತದಾ? ಹಾಗೆ.

ಹೋದ ಮಳೆಗಾಲದಲ್ಲಿ 52 ವರ್ಷದವರೊಬ್ಬರು ನಮ್ಮ ಎಮರ್ಜೆನ್ಸಿಗೆ ಬಂದರು. ಬೆಳಗಿನ ಜಾವ ನಾಲ್ಕಕ್ಕೆ ಎದೆ ಹಿಂಡಿದ ಹಾಗಾಗಿ ಎದ್ದಿದ್ದಾರೆ. ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ನೀರು ಕುಡಿದಿದ್ದಾರೆ. ಕಡಿಮೆ ಆಗಿಲ್ಲ. ವಾಚ್ ಮೇಲೆ ಬೆರಳಿಟ್ಟು 30 ಸೆಕೆಂಡಿನ ಇಸಿಜಿ ತೆಗೆದಿದ್ದಾರೆ. 'ಸೈನಸ್ ರಿದಮ್', ಅಂದರೆ ಬಡಿತದ ಲಯ ಸರಿ ಇದೆ, ಅಂತ ಬಂದಿದೆ. ಸಮಾಧಾನವಾಗಿ ಮತ್ತೆ ಮಲಗಿದ್ದಾರೆ. ಏಳಕ್ಕೆ ಇನ್ನೊಮ್ಮೆ ತೆಗೆದಾಗಲೂ ಅದೇ. ನಮ್ಮ ಹತ್ತಿರ ಬರುವಾಗ ಹತ್ತು ಗಂಟೆ. ನಮ್ಮ ಇಸಿಜಿಯಲ್ಲಿ ದೊಡ್ಡ ಅಟ್ಯಾಕ್ ಕಾಣಿಸುತ್ತಿತ್ತು. ಬದುಕಿಕೊಂಡರು, ಆದರೆ ಹೃದಯದ ಮುಂಭಾಗದ ಸ್ನಾಯು ತುಂಬಾ ಹೋಗಿಬಿಟ್ಟಿತ್ತು. 'ವಾಚ್ ನಾರ್ಮಲ್ ಅಂತು ಮೇಡಂ' ಅಂತ ಅವರ ಹೆಂಡತಿ ಫೋನ್ ತೆಗೆದು ತೋರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ವಾಚ್ ಸುಳ್ಳು ಹೇಳಿರಲಿಲ್ಲ. ಹೃದಯ ಬಡಿಯುವ ಲಯ ಸರಿಯಾಗೇ ಇತ್ತು. ಅದಕ್ಕೆ ಗೊತ್ತಾಗುವುದೇ ಅಷ್ಟು.

ನಿಮ್ಮ ತಂದೆಗೆ ಶುಗರ್ ಬೇರೆ ಇದೆ. ಶುಗರ್ ಇರುವವರಿಗೆ ಕೆಲವೊಮ್ಮೆ ಎದೆನೋವೇ ಇಲ್ಲದೆ ಅಟ್ಯಾಕ್ ಆಗುತ್ತದೆ. ಸುಮ್ನೆ ಬೆವರುವುದು, ಉಸಿರು ಕಟ್ಟುವುದು, ಏನೋ ಸುಸ್ತು, ದವಡೆಯಲ್ಲಿ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದ ಹಾಗೆ. ಇಷ್ಟೇ ಇರಬಹುದು. ಇಂಥದ್ದು ಐದು ಹತ್ತು ನಿಮಿಷ ಮೀರಿದರೆ ವಾಚ್ ಕಡೆ ನೋಡಲೇಬಾರದು. ಸೀದಾ ಆಸ್ಪತ್ರೆ. ಈ ಒಂದು ಮಾತನ್ನು ಅಪ್ಪನಿಗೂ ಅಮ್ಮನಿಗೂ ಇವತ್ತು ರಾತ್ರಿ ಊಟದ ಹೊತ್ತಿಗೇ ಹೇಳಿಬಿಡಿ.

ಹಾಗಾದರೆ ವಾಚ್ ದಂಡವಾ? ಅಲ್ಲ. ಅದು ಚೆನ್ನಾಗಿ ಮಾಡುವ ಕೆಲಸ ಒಂದಿದೆ. ಏಟ್ರಿಯಲ್ ಫಿಬ್ರಿಲೇಶನ್ ಅಂತ ಒಂದು ತೊಂದರೆ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದು ಬಂದು ಬಂದು ಹೋಗುವುದರಿಂದ ಕ್ಲಿನಿಕ್‌ನಲ್ಲಿ ತೆಗೆದ ಇಸಿಜಿಗೆ ಎಷ್ಟೋ ಸಲ ಸಿಗುವುದೇ ಇಲ್ಲ. ದಿನವಿಡೀ ಕೈಯಲ್ಲಿರುವ ವಾಚ್‌ಗೆ ಸಿಗಬಹುದು. ಅಮೆರಿಕದಲ್ಲಿ ಆಪಲ್ ವಾಚ್ ಇಟ್ಟುಕೊಂಡು 4 ಲಕ್ಷಕ್ಕೂ ಹೆಚ್ಚು ಜನರ ಮೇಲೆ ಒಂದು ಅಧ್ಯಯನ ಮಾಡಿದರು, 2019ರಲ್ಲಿ ಪ್ರಕಟವಾಯಿತು. ನಾಡಿ ತಪ್ಪುತ್ತಿದೆ ಅಂತ ಎಚ್ಚರಿಕೆ ಬಂದಿದ್ದು ಸುಮಾರು ಶೇ. 0.5 ಜನರಿಗೆ. ಅವರಲ್ಲಿ ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಹಾಕಿಸಿಕೊಂಡು ವಾಪಸ್ ಕಳಿಸಿದವರನ್ನು ನೋಡಿದರೆ, ಮೂವರಲ್ಲಿ ಒಬ್ಬರಿಗೆ ಆ ದಿನಗಳಲ್ಲಿ ಈ ತೊಂದರೆ ಕಾಣಿಸಿತು. ಅಂದರೆ ವಾಚ್ ಹಾಗೆ ಹೇಳಿದರೆ ಗಾಬರಿ ಬೇಡ, ಕಡೆಗಣಿಸುವುದೂ ಬೇಡ. ವಾಚ್ ತೆಗೆದ ಇಸಿಜಿಯನ್ನು ಸೇವ್ ಮಾಡಿಕೊಂಡು ಒಂದೆರಡು ದಿನದಲ್ಲಿ ನಿಮ್ಮ ಹೃದ್ರೋಗ ತಜ್ಞರಿಗೆ ತೋರಿಸಿ, ಸರಿಯಾದ ಇಸಿಜಿ ಮಾಡಿಸಿ. ವಾಚ್ ನೋಡಿ ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡುವುದಾಗಲಿ, ನಿಲ್ಲಿಸುವುದಾಗಲಿ ಮಾಡಬೇಡಿ.

ಈಗ ಬಿಪಿ ವಿಷಯಕ್ಕೆ ಬರೋಣ. ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಿಮ್ಮ ತಂದೆಯ ಮುಂದಿನ ಹತ್ತು ವರ್ಷ ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಮೂರರಲ್ಲಿ ನಂಬಬೇಕಾದದ್ದು ಮನೆಯ ಮೆಷಿನ್. ಆದರೆ ಅದು ತೋಳಿಗೆ ಪಟ್ಟಿ ಸುತ್ತುವ ಮೆಷಿನ್ ಆಗಿರಬೇಕು, ಸರಿಯಾಗಿ ನೋಡಿರಬೇಕು. ಇಂಥ ವಾಚ್‌ಗಳಲ್ಲಿ ಹೆಚ್ಚಿನವು ಬಿಪಿಯನ್ನು ಅಳೆಯುವುದಿಲ್ಲ, ನಾಡಿಯ ಅಲೆ ನೋಡಿ ಅಂದಾಜು ಮಾಡುತ್ತವೆ. ಅಂಥ ಒಂದು ಹೆಸರಾಂತ ವಾಚ್‌ಗೆ ಪ್ರತಿ 28 ದಿನಕ್ಕೊಮ್ಮೆ ತೋಳಿನ ಮೆಷಿನ್ ಹಿಡಿದೇ ಲೆಕ್ಕ ಸರಿಮಾಡಿಕೊಡಬೇಕು. ಮಾತ್ರೆಯ ಡೋಸ್ ನಿರ್ಧರಿಸಲು ಆ ಅಂದಾಜು ಸಾಲದು. ಇನ್ನು ಕ್ಲಿನಿಕ್. ಮಾಗಡಿ ರೋಡಿನ ಟ್ರಾಫಿಕ್‌ನಲ್ಲಿ ಕೂತು, ಲಿಫ್ಟ್ ಕೆಟ್ಟಿದೆ ಅಂತ ಮೆಟ್ಟಿಲು ಹತ್ತಿ, ಟೋಕನ್ ಹಿಡಿದು ಮುಕ್ಕಾಲು ಗಂಟೆ ಕಾದು ಒಳಗೆ ಬಂದವರ ಬಿಪಿ ಏರದೆ ಇನ್ನೇನಾಗುತ್ತದೆ? ಕೆಲವರಿಗೆ ಉಲ್ಟಾ. ಕ್ಲಿನಿಕ್‌ನಲ್ಲಿ ಚೆನ್ನಾಗಿರುತ್ತದೆ, ಮನೆಯಲ್ಲಿ ಜಾಸ್ತಿ. ಇವರ ಬಗ್ಗೆ ನನಗೆ ಚಿಂತೆ ಹೆಚ್ಚು, ಯಾಕೆಂದರೆ ಮನೆಯಲ್ಲಿ ನೋಡದೆ ಹೋದರೆ ಗೊತ್ತೇ ಆಗುವುದಿಲ್ಲ.

ಮನೆಯಲ್ಲಿ ಹೇಗೆ ನೋಡುತ್ತಾರೆ ಅಂತಲೂ ನಾನು ನೋಡಿದ್ದೇನೆ. ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿರುತ್ತಾರೆ. ಟಿವಿಯಲ್ಲಿ ವಾರ್ತೆಯ ಜಗಳ ನಡೆಯುತ್ತಿರುತ್ತದೆ. ಮಂಚದ ಅಂಚಿನಲ್ಲಿ ಕಾಲು ತೂಗಾಡಿಸಿಕೊಂಡು ಕೂತಿರುತ್ತಾರೆ. ಈಗಷ್ಟೇ ಕಾಫಿ ಮುಗಿದಿರುತ್ತದೆ, ಕೆಲವರು ಮೂತ್ರ ಕಟ್ಟಿಕೊಂಡೇ ಕೂತಿರುತ್ತಾರೆ. ಇದರಲ್ಲಿ ಒಂದೊಂದೂ ಬಿಪಿಯನ್ನು ಮೇಲೆ ತಳ್ಳುತ್ತದೆ. ಸರಿಯಾದ ಕ್ರಮ ಇದು: ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ಎರಡೂ ನೆಲಕ್ಕೆ ತಾಗುವ ಹಾಗೆ ಐದು ನಿಮಿಷ ಸುಮ್ಮನೆ ಕೂರಬೇಕು. ಬರಿ ತೋಳಿಗೆ ಪಟ್ಟಿ. ಕೈ ಊಟದ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ, ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಅದು 135/85 ದಾಟಿದ್ದರೆ ನಿಮ್ಮ ವೈದ್ಯರ ಜೊತೆ ಮಾತಾಡಬೇಕು. ಕ್ಲಿನಿಕ್‌ನ 140/90ಕ್ಕೆ ಮನೆಯ 135/85 ಸಮ ಅಂತ ಲೆಕ್ಕ. ಸ್ಟೆಂಟ್ ಆಗಿರುವ, ಶುಗರ್ ಇರುವ ನಿಮ್ಮ ತಂದೆಗೆ ಇನ್ನೂ ಕಡಿಮೆ ಇರಬೇಕು ಅಂತ ಅವರು ಹೇಳಬಹುದು.

ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇಕು, ಚಿಕ್ಕ ಪಟ್ಟಿ ಬಿಪಿಯನ್ನು ಜಾಸ್ತಿ ತೋರಿಸುತ್ತದೆ. ಮುಂದಿನ ಸಲ ಹೋಗುವಾಗ ಮನೆಯ ಮೆಷಿನ್ ಅನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಕ್ಲಿನಿಕ್‌ನದ್ದರ ಪಕ್ಕ ಇಟ್ಟು ಹೋಲಿಸಿ. ವಾರದ ಲೆಕ್ಕ ಮುಗಿದ ಮೇಲೆ ಅಪ್ಪನ ಬಿಪಿಯನ್ನು ಗಂಟೆಗೊಮ್ಮೆ ನೋಡಬೇಡಿ. ಅದು ಏರಿಳಿಯುವುದೇ. ನೋಡಿದಷ್ಟೂ ಅವರಿಗೂ ಹೆದರಿಕೆ, ನಿಮಗೂ ಹೆದರಿಕೆ.

ಇಷ್ಟು ಹೇಳಿ ನಿಮಗೆ ಒಂದು ಕ್ಯಾಲೆಂಡರ್ ಕಥೆ ಹೇಳಬೇಕು. ಮಾಗಡಿ ಕಡೆಯ ಒಬ್ಬ ಅಮ್ಮ, ಎರಡು ಅಟ್ಯಾಕ್ ಆಗಿ ಹೃದಯ ದುರ್ಬಲವಾಗಿರುವ ಗಂಡನನ್ನು ಕರೆದುಕೊಂಡು ನಮ್ಮ ಹತ್ತಿರ ಬರುತ್ತಾರೆ. ಅವರ ಮನೆಯಲ್ಲಿ ಸ್ಮಾರ್ಟ್‌ವಾಚ್ ಇಲ್ಲ. ಒಂದು ತೂಕದ ಮೆಷಿನ್ ಇದೆ. ದಿನಸಿ ಅಂಗಡಿಯವರು ಕೊಟ್ಟ ಗೋಡೆ ಕ್ಯಾಲೆಂಡರ್ ಇದೆ. ದಿನಾ ಬೆಳಿಗ್ಗೆ ಗಂಡ ಬಚ್ಚಲಿಂದ ಬಂದ ಕೂಡಲೇ, ತಿಂಡಿಗೆ ಮುಂಚೆ, ತೂಕ ನೋಡಿ ಆ ತಾರೀಖಿನ ಮನೆಯಲ್ಲೇ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಒಂದು ವಾರ ಹೀಗಿತ್ತು: 61, 61, 62, 63.2. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ ಅಂತ ನಮ್ಮ ನರ್ಸ್ ಹೇಳಿಕೊಟ್ಟಿದ್ದರು. ಮೊಮ್ಮಗನ ಕೈಲಿ ಕ್ಯಾಲೆಂಡರಿನ ಫೋಟೋ ಹೊಡೆಸಿ ವಾಟ್ಸಾಪ್‌ನಲ್ಲಿ ಕಳಿಸಿ ಫೋನ್ ಮಾಡಿದರು. ಕಾಲು ಊದಿದೆಯಾ, ರಾತ್ರಿ ದಿಂಬು ಎರಡು ಬೇಕಾಗುತ್ತಿದೆಯಾ ಅಂತ ನರ್ಸ್ ಕೇಳಿದರು. ಹೌದು, ಊರ ಹಬ್ಬ ಇತ್ತು, ಹಪ್ಪಳ ಉಪ್ಪಿನಕಾಯಿ ಜಾಸ್ತಿ ಆಯ್ತು ಅಂದರು. ನಾನು ಮೈಯಲ್ಲಿ ನಿಂತ ನೀರು ಇಳಿಸುವ ಮಾತ್ರೆಯನ್ನು ಮೂರು ದಿನಕ್ಕೆ ಜಾಸ್ತಿ ಮಾಡಿದೆ. ಅಡ್ಮಿಟ್ ಆಗುವುದು ತಪ್ಪಿತು.

ಆ ತೂಕದ ಸಂಖ್ಯೆ ಒಬ್ಬರ ಕೈಗೆ ಹೋಗಿ ಮುಟ್ಟಿತು. ಮುಟ್ಟಿದವರಿಗೆ ಏನು ಮಾಡಬೇಕು ಅಂತ ಗೊತ್ತಿತ್ತು. ಡಿಜಿಟಲ್ ಆರೋಗ್ಯದ ಬಗ್ಗೆ ಯಾರು ಏನು ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ: ಆ ಕಡೆ ಯಾರಿದ್ದಾರೆ?

ಇದು ನನ್ನ ಒಬ್ಬಳ ಅನಿಸಿಕೆ ಅಲ್ಲ. ಅಮೆರಿಕದಲ್ಲಿ ಹೃದಯ ವೈಫಲ್ಯದ, ಅಂದರೆ ಹೃದಯ ದುರ್ಬಲವಾದ, 1,653 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಅವರಲ್ಲಿ ಅರ್ಧದಷ್ಟು ಜನ ದಿನಾ ಒಂದು ನಂಬರಿಗೆ ಫೋನ್ ಮಾಡಿ, ಮೆಷಿನ್ ಕೇಳಿದ್ದಕ್ಕೆಲ್ಲ ಬಟನ್ ಒತ್ತಿ ಉತ್ತರಿಸಬೇಕಿತ್ತು. 2010ರಲ್ಲಿ ಫಲಿತಾಂಶ ಬಂತು. ಏನೂ ಲಾಭ ಕಾಣಲಿಲ್ಲ. ಜರ್ಮನಿಯಲ್ಲಿ ಇಂಥ 1,571 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮನೆಯಲ್ಲೇ ತೂಕ, ಬಿಪಿ, ಇಸಿಜಿ ನೋಡುವ ಏರ್ಪಾಡು ಮಾಡಿದರು. ಅದೆಲ್ಲ ಹೋಗುತ್ತಿದ್ದ ಕೇಂದ್ರದಲ್ಲಿ ಹಗಲು ರಾತ್ರಿ ವೈದ್ಯರು, ನರ್ಸ್‌ಗಳು ಕೂತಿದ್ದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆ, ಸಾವೂ ಕಡಿಮೆ. ನಮ್ಮ ಕರ್ನಾಟಕದಲ್ಲೂ ಒಂದು ಪಾಠ ಇದೆ. ಇಲ್ಲಿ ಮತ್ತು ಹರಿಯಾಣದಲ್ಲಿ ಒಟ್ಟು 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಅನ್ನುವ ಪ್ರಯೋಗ ನಡೆಯಿತು. ಅರ್ಧ ಕೇಂದ್ರಗಳ ನರ್ಸ್‌ಗಳಿಗೆ ಬಿಪಿ, ಶುಗರ್ ರೋಗಿಗಳನ್ನು ನೋಡಿಕೊಳ್ಳಲು ಟ್ಯಾಬ್ಲೆಟ್‌ನಲ್ಲಿ ಸಾಫ್ಟ್‌ವೇರ್ ಕೊಟ್ಟರು, ಉಳಿದ ಅರ್ಧಕ್ಕೆ ಕೊಡಲಿಲ್ಲ. ತರಬೇತಿ ಮಾತ್ರ ಎರಡೂ ಕಡೆಯವರಿಗೆ ಕೊಟ್ಟರು. ವರ್ಷದ ಕೊನೆಗೆ ಎರಡೂ ಕಡೆ ಬಿಪಿ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳುತ್ತಿಲ್ಲ. ತರಬೇತಿ ಇರುವ ನರ್ಸ್ ಒಬ್ಬರು ರೋಗಿಯ ಮುಂದೆ ಕೂತರೆ ಎಷ್ಟು ಕೆಲಸ ಆಗುತ್ತದೆ ಅಂತ ನೋಡಿ.

ಈಗ ಅದೇ ಪ್ರಶ್ನೆಯನ್ನು ನಿಮ್ಮ ಮನೆಗೆ ಹಾಕೋಣ. ಅಪ್ಪನ ವಾಚ್‌ನಿಂದ ಎಚ್ಚರಿಕೆ ಬಂದರೆ ಹೋಗುವುದು ವೈಟ್‌ಫೀಲ್ಡ್‌ಗೆ. ನೀವು ಮೀಟಿಂಗ್‌ನಲ್ಲಿರುತ್ತೀರಿ. ಫೋನ್ ನೋಡಿ ಓಡಿ ಬಂದರೂ ಬಸವೇಶ್ವರನಗರ ಮುಟ್ಟಲು ಒಂದೂವರೆ ಗಂಟೆ, ಮಳೆ ಬಂದರೆ ಎರಡು. ಹೃದಯದ ಸ್ನಾಯುವಿಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಮೊದಲು ಮಾಡಬೇಕಾದದ್ದು ಹೊಸ ಗ್ಯಾಜೆಟ್ ತರುವುದಲ್ಲ. ಎದುರುಮನೆಯವರ ಹತ್ತಿರ ಹೋಗಿ ಕೂತು ಮಾತಾಡಿ, ಅವರ ನಂಬರನ್ನು ವಾಚ್‌ನ ತುರ್ತು ನಂಬರುಗಳಲ್ಲಿ ಸೇರಿಸಿ. ವಾಚ್‌ಗೆ ಬಿದ್ದಾಗ ಗೊತ್ತಾಗುವ ಸೌಲಭ್ಯ ಇದ್ದರೆ ಆನ್ ಮಾಡಿ. 108ಕ್ಕೆ ಹೇಗೆ ಫೋನ್ ಮಾಡುವುದು, ಮನೆ ಗುರುತು ಹೇಗೆ ಹೇಳುವುದು ಅಂತ ಅಮ್ಮನ ಜೊತೆ ಒಮ್ಮೆ ಅಭ್ಯಾಸ ಮಾಡಿ. 'ಗಣೇಶನ ದೇವಸ್ಥಾನದ ಹತ್ತಿರ' ಅಂದರೆ ಬೆಂಗಳೂರಿನಲ್ಲಿ ಎಷ್ಟು ದೇವಸ್ಥಾನ! ಅಡ್ಡರಸ್ತೆ, ಮೇನ್ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿ. ಹಗಲು ರಾತ್ರಿ ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳ ತೆರೆಯುವ ಚಿಕಿತ್ಸೆ) ಮಾಡುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದುಕೊಳ್ಳಿ. ನಾಲಿಗೆ ಕೆಳಗೆ ಇಡುವ ಮಾತ್ರೆ ಬರೆದುಕೊಟ್ಟಿದ್ದರೆ ಅಪ್ಪ ಅದನ್ನು ಕೂತುಕೊಂಡೇ ಇಟ್ಟುಕೊಳ್ಳಲಿ, ನಿಂತಿದ್ದರೆ ಬಿಪಿ ಇಳಿದು ಬೀಳಬಹುದು. ಆಸ್ಪಿರಿನ್ ಜಗಿಯಬೇಕಾ, ಎಷ್ಟು ಅಂತ ಮುಂಚೆಯೇ ನಿಮ್ಮ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಅಪ್ಪನ ಈಗಿನ ಇಸಿಜಿಯ ಫೋಟೋ ನಿಮ್ಮ ಮೂವರ ಫೋನಿನಲ್ಲೂ ಇರಲಿ. ಅಟ್ಯಾಕ್ ಆದವರ ಇಸಿಜಿಯಲ್ಲಿ ಹಳೆಯ ಗುರುತು ಉಳಿದಿರುತ್ತದೆ. ಹೊಸದರ ಪಕ್ಕ ಹಳೆಯದು ಇಟ್ಟರೆ ಎಮರ್ಜೆನ್ಸಿಯ ವೈದ್ಯರಿಗೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಖರ್ಚಿಲ್ಲದ ಕೆಲಸ, ಆದರೂ ನೂರಕ್ಕೆ ಹತ್ತು ಜನರೂ ಮಾಡಿರುವುದನ್ನು ನಾನು ಕಂಡಿಲ್ಲ. ಸರ್ಕಾರದ ಆರೋಗ್ಯ ಗುರುತಿನ 14 ಅಂಕಿಯ ಆಭಾ ನಂಬರ್ ಮಾಡಿಸಿದ್ದರೆ ಡಿಸ್ಚಾರ್ಜ್ ಸಮರಿ, ಲ್ಯಾಬ್ ರಿಪೋರ್ಟ್ ಅದರಲ್ಲಿ ಜೋಡಿಸಬಹುದು. ಫೋಟೋ ಮಾತ್ರ ಇದ್ದೇ ಇರಲಿ.

ಇಸಿಜಿ ದೂರಕ್ಕೆ ಹೋಗುವುದು ಹೊಸದೇನಲ್ಲ. ಇಸಿಜಿ ಕಂಡುಹಿಡಿದ ವಿಲೆಮ್ ಐಂಥೋವೆನ್ 1905ರಲ್ಲೇ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ಅದನ್ನು ತರಿಸಿಕೊಂಡಿದ್ದರು. 2000ದ ದಶಕದ ಆರಂಭದಲ್ಲಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಇಸ್ರೋ ಉಪಗ್ರಹದ ಮೂಲಕ ಜೋಡಿಸಿತ್ತು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಮೆಷಿನ್ ಕೊಟ್ಟು, ವಾಟ್ಸಾಪ್ ಗುಂಪಿನಲ್ಲಿ ಬಂದ ಇಸಿಜಿಗಳನ್ನು ತಜ್ಞರು ನೋಡುವ ವ್ಯವಸ್ಥೆ ಕಟ್ಟಿದರು. ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್, 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋದರಲ್ವಾ, ಅವರ ಹೆಸರಿನಲ್ಲಿ ಸರ್ಕಾರ ನಡೆಸುವ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದ್ದು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೇಗ ಓದಿ, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಮುಟ್ಟಿಸುತ್ತಾರೆ. ಅಟ್ಯಾಕ್ ಅಂತ ಖಚಿತವಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಊರಲ್ಲಿ ಅಜ್ಜಿ, ಚಿಕ್ಕಪ್ಪ ಯಾರಾದರೂ ಇದ್ದರೆ ಅವರಿಗೆ ಹೇಳಿ: ಎದೆನೋವು ಬಂದರೆ ಬೆಂಗಳೂರಿಗೆ ಕಾರು ಹತ್ತಬೇಡಿ, ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ.

ಹೊಸ ಆಪ್ ಬೇಕಾ ಅಂತ ಕೇಳಿದ್ದೀರಿ. ಮಾತ್ರೆ ನೆನಪಿಸುವುದು ಒಂದಿದ್ದರೆ ಸಾಕು, ಫೋನಿನ ಅಲಾರಂ ಆದರೂ ಆಯಿತು. ಸ್ಟೆಂಟ್ ಆದವರಲ್ಲಿ ನಾನು ಕಂಡ ಎಷ್ಟೋ ಅನಾಹುತಗಳು ಮಾತ್ರೆ ಬಿಟ್ಟದ್ದರಿಂದ ಆದವು. ಎಂಟು ತಿಂಗಳು ಅಂದಿರಿ. ಅಟ್ಯಾಕ್ ಆದ ಮೇಲೆ ರಕ್ತ ತೆಳು ಮಾಡುವ ಎರಡು ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ ಇರುತ್ತವೆ. ಹಲ್ಲು ಕೀಳಿಸಬೇಕು ಅಂತ ಯಾರೋ ನಿಲ್ಲಿಸಲು ಹೇಳಿದರೆ, ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಕೊಲೆಸ್ಟ್ರಾಲ್ ಮಾತ್ರೆಯ ವಿರುದ್ಧ ಫಾರ್ವರ್ಡ್ ಬರುತ್ತಲೇ ಇರುತ್ತವೆ, ಅದನ್ನು ನಂಬಿಯೂ ನಿಲ್ಲಿಸಬೇಡಿ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗೆ ಇರಬೇಕು. ಸಿಡ್ನಿಯಲ್ಲಿ 710 ಹೃದ್ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕು ಎಸ್ಸೆಮ್ಮೆಸ್ ಕಳಿಸಿದ್ದಕ್ಕೇ ಆರು ತಿಂಗಳಲ್ಲಿ ಬಿಪಿ, ಕೊಲೆಸ್ಟ್ರಾಲ್ ಎರಡೂ ಕಡಿಮೆಯಾದವು, ಸಿಗರೇಟ್ ಬಿಟ್ಟವರೂ ಜಾಸ್ತಿ. ನಿಮ್ಮ ಅಪ್ಪನಿಗೆ ನೀವೇ ಕನ್ನಡದಲ್ಲಿ ಒಂದು ಸಾಲು ಕಳಿಸಬಹುದು, ಮಧ್ಯಾಹ್ನ ಊಟದ ಹೊತ್ತಿಗೆ.

ಸೂಜಿ ಚುಚ್ಚದೆ ಶುಗರ್ ಹೇಳುತ್ತೇವೆ ಅನ್ನುವ ವಾಚ್, ಉಂಗುರಗಳನ್ನು ಕೊಳ್ಳಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಅವುಗಳ ಬಗ್ಗೆ ಎಚ್ಚರಿಸಿದೆ. ತಪ್ಪು ಸಂಖ್ಯೆ ನಂಬಿ ಮಾತ್ರೆ, ಇನ್ಸುಲಿನ್ ತಗೊಂಡರೆ ಪ್ರಾಣಕ್ಕೇ ಕುತ್ತು. ಹೆಜ್ಜೆ ಲೆಕ್ಕ ಒಳ್ಳೆಯದೇ. ಆದರೆ 10,000 ಅನ್ನುವ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಮೆಷಿನ್‌ನ ಹೆಸರಿನಿಂದ ಬಂದದ್ದು. ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದರಲ್ಲಿ 4,400 ಹೆಜ್ಜೆಗೇ ಲಾಭ ಕಂಡಿತು, 7,500ರ ಆಚೆ ಲಾಭ ಏರಲಿಲ್ಲ. ಅಪ್ಪ ಹತ್ತಿರದ ಪಾರ್ಕಿನಲ್ಲಿ ಗೆಳೆಯರ ಜೊತೆ ಮಾತಾಡಿಕೊಂಡು ನಡೆಯಲಿ. ಮಾತಾಡಲು ಉಸಿರು ಸಾಲುತ್ತಿದ್ದರೆ ವೇಗ ಸರಿಯಾಗಿದೆ. ವಿಡಿಯೋ ಕನ್ಸಲ್ಟೇಶನ್ ಮಾಮೂಲಿ ಫಾಲೋ-ಅಪ್‌ಗೆ ಚೆನ್ನಾಗಿದೆ, ಸರ್ಕಾರದ ಇ-ಸಂಜೀವನಿ ಉಚಿತ. ಎದೆನೋವಿಗೆ ಅದು ಬೇಡ.

ಇಷ್ಟುದ್ದದ ಪತ್ರದಲ್ಲಿ ನಿಮ್ಮ ಬಿಪಿ ಎಷ್ಟು ಅಂತ ನೀವು ಬರೆಯಲೇ ಇಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಆದದ್ದು 53ರ ಆಸುಪಾಸಿನಲ್ಲಿ, ಬೇರೆಯವರಿಗೆ 59ರ ಹತ್ತಿರ. ನಿಮಗೀಗ 41. ದಿನಕ್ಕೆ ಮೂರು ಗಂಟೆ ಕಾರಿನಲ್ಲಿ, ಉಳಿದದ್ದು ಕುರ್ಚಿಯಲ್ಲಿ. ಸಿಗರೇಟ್ ಇದ್ದರೆ ಅದೂ ಸೇರಿತು. ಅಪ್ಪನ ಏಳು ದಿನದ ಲೆಕ್ಕ ತೆಗೆಯುವಾಗ ಅದೇ ಪುಟದಲ್ಲಿ ಪಕ್ಕಕ್ಕೆ ಇನ್ನೊಂದು ಸಾಲು ಎಳೆದು ನಿಮ್ಮದನ್ನೂ ಬರೆಯಿರಿ. ಈ ಶನಿವಾರ ಲ್ಯಾಬ್‌ಗೆ ಹೋಗಿ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಲೆಕ್ಕ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ. ಅಪ್ಪನ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಹೋಗುವಾಗ ಇಬ್ಬರ ಹಾಳೆಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ.